ಲೋಹಶೋಧಕದ ಹುಸಿಧ್ವನಿ: 1881ರ ಒಂದು ನಿದರ್ಶನ

ಲೋಹಶೋಧಕದ ಸದ್ದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಹಳೆಯ ಪ್ರಸಂಗವೊಂದರಿಂದ ನಾವು ಪರಿಶೀಲಿಸಬಹುದು. 1881ರ ಜುಲೈ 2ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡನು ಗುಂಡೇಟಿಗೆ ಗುರಿಯಾದನು. ದೇಹದಲ್ಲುಳಿದ ಸೀಸದ ಗುಂಡನ್ನು ಪತ್ತೆಹಚ್ಚಲು ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ಯಂತ್ರವೊಂದನ್ನು ಸಿದ್ಧಪಡಿಸಿದನು. ಅದರ ತಂತಿಸುರುಳಿಗಳು ಸಮತೋಲದಲ್ಲಿರುವವರೆಗೆ ದೂರವಾಣಿಯು ನಿಶ್ಶಬ್ದ. ಲೋಹವು ಸಮೀಪಿಸಲು ಸಮತೋಲ ಕೆಟ್ಟು ಸದ್ದು ಹುಟ್ಟುವುದು. ಆ ಲೋಹವು ಸೀಸವೋ ಉಕ್ಕೋ ಎಂಬುದನ್ನು ಮಾತ್ರ ಸದ್ದು ತಿಳಿಸಲಾರದು.

ಆಗಸ್ಟ್ 1ರ ಪರೀಕ್ಷೆಯಲ್ಲಿ ಕ್ಷೀಣಧ್ವನಿಯೊಂದು ಕೇಳಿಬಂದಿತು. ಅದೂ ಒಂದೆಡೆಯಲ್ಲಲ್ಲ, ವಿಸ್ತಾರವಾದ ಭಾಗದಲ್ಲಿ. ಸಣ್ಣ ಗುಂಡಿಗೆ ಇದು ಒಪ್ಪುವ ಲಕ್ಷಣವಲ್ಲ. ವಿಚಾರಿಸಲಾಗಿ, ರೋಗಿಯ ಹಾಸಿಗೆಯಡಿಯಲ್ಲಿ ಉಕ್ಕಿನ ತಂತಿಯ ಮತ್ತೊಂದು ಹಾಸಿಗೆಯಿದ್ದುದು ಮರುದಿನ ತಿಳಿದುಬಂದಿತು. ಧ್ವನಿಗೆ ಅದೊಂದೇ ಕಾರಣವೇ ಎಂಬುದು ಚರ್ಚಾಸ್ಪದ. ಇಂದು ಶೋಧಕವನ್ನು ಹಿಡಿಯುವವರು ಮೊದಲು ತಮ್ಮ ಮೈಮೇಲಿನ ಲೋಹವನ್ನು ದೂರವಿರಿಸಿ, ಬರಿನೆಲದ ಸದ್ದನ್ನಾಲಿಸಿ, ಸಂಶಯದ ಸ್ಥಳವನ್ನು ಅಡ್ಡಲಾಗಿಯೂ ಪರೀಕ್ಷಿಸುವುದು ಇಂತಹ ತೊಡಕಿನಿಂದ ಪಾರಾಗಲೆಂದೇ.

ನಮ್ಮ ಅಭಿಪ್ರಾಯದಲ್ಲಿ ಗುರುತರವಾದ ದೋಷವು ಯಂತ್ರದ್ದಲ್ಲ. ಗುಂಡು ಬಲಪಾರ್ಶ್ವದಲ್ಲಿದೆಯೆಂದು ಮೊದಲೇ ನಿಶ್ಚಯಿಸಿದ್ದ ವೈದ್ಯ ಬ್ಲಿಸ್ಸನು ಅಲ್ಲಿ ಮಾತ್ರವೇ ಶೋಧಿಸಗೊಟ್ಟಿದ್ದನು. ಕೇಳಿಬಂದ ಧ್ವನಿಯನ್ನು ತನ್ನ ನಿಶ್ಚಯಕ್ಕೆ ಸಾಕ್ಷ್ಯವೆಂದೇ ಬಗೆದನು. ಸೆಪ್ಟೆಂಬರ್ 19ರಂದು ಅಧ್ಯಕ್ಷನು ಮೃತನಾದನು. ಶವಪರೀಕ್ಷೆಯಲ್ಲಿ ಗುಂಡು ದೊರೆತದ್ದು ಎಡಪಾರ್ಶ್ವದಲ್ಲಿ.