ಶೇಕಡಾ 48ಕ್ಕೂ ಒಂದು ಚಪ್ಪಾಳೆ



ಮೇ ತಿಂಗಳು ಬಂತೆಂದರೆ ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳ ಕಾರ್ಯದರ್ಶಿಗಳಿಗೆ ಬಿಡುವೇ ಇರುವುದಿಲ್ಲ. ಎಸ್.ಎಸ್.ಸಿ., ಎಚ್.ಎಸ್.ಸಿ. ಫಲಿತಾಂಶ ಹೊರಬಿದ್ದದ್ದೇ ತಡ, ಅಂಕಪಟ್ಟಿಗಳ ಝೆರಾಕ್ಸ್ ಪ್ರತಿಗಳು ಬಂದು ಬೀಳತೊಡಗುತ್ತವೆ. ಮಳೆ ಹಿಡಿಯುವ ಹೊತ್ತಿಗೆ ಒಂದು ಭಾನುವಾರ ಸಂಜೆ ಸಭಾಗೃಹ ಗೊತ್ತು ಮಾಡಿ, ಅತಿಥಿಗಳನ್ನು ಕರೆದು, ಪ್ರತಿಭಾ ಪುರಸ್ಕಾರದ ಸಮಾರಂಭ ನಡೆಸುವುದು ನಮ್ಮಲ್ಲಿ ಬಹುಕಾಲದ ವಾಡಿಕೆ. ನಿಮ್ಮಲ್ಲಿ ಅನೇಕರು ಆ ವೇದಿಕೆ ಹತ್ತಿ ಬಂದವರೇ. ಒಂದು ಗುಲಾಬಿ, ಒಂದು ಪ್ರಮಾಣಪತ್ರ, ಒಂದು ಲಕೋಟೆ, ಒಂದು ಫೋಟೋ. ಎರಡನೇ ಸಾಲಿನಲ್ಲಿ ಕುಳಿತ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಕೃತಜ್ಞತೆ ಹೇಳಲು ಮೈಕು ಕೊಟ್ಟರೆ ನಿಮ್ಮ ಕನ್ನಡ ಕೇಳಿ ಹಿರಿಯರು ನಗುತ್ತಾರೆ. ಹಿರಿಯರ ಇಂಗ್ಲಿಷ್ ಕೇಳಿ ನೀವು ನಗುತ್ತೀರಿ. ಅಲ್ಲಿಗೆ ಲೆಕ್ಕ ಸಮ.

ಈ ಸಂತೋಷಕ್ಕೆ ತಣ್ಣೀರೆರಚುವ ಇರಾದೆ ನನಗಿಲ್ಲ. ದುಡಿದು ಓದಿದವರಿಗೆ ಬೆನ್ನು ತಟ್ಟಲೇಬೇಕು. ಆದರೆ ಆಮಂತ್ರಣದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು ಇರುತ್ತದಲ್ಲ, ಇಷ್ಟು ಪ್ರತಿಶತಕ್ಕಿಂತ ಹೆಚ್ಚು ಅಂಕ ಪಡೆದವರು ಮಾತ್ರ ಅರ್ಜಿ ಸಲ್ಲಿಸಬೇಕು ಎಂದು, ಆ ಸಾಲಿನ ಬಗ್ಗೆ ನಿಮ್ಮೊಡನೆ ನಾಲ್ಕು ಮಾತಾಡಬೇಕೆನಿಸಿದೆ. ಕೆಲವು ಕಡೆ 75, ಕೆಲವು ಕಡೆ 80, ಈಗೀಗ 85 ಕೂಡ ಆಗಿದೆ. ಆ ಗೆರೆಯ ಕೆಳಗೆ ಯಾರಿದ್ದಾರೆ?

ಮಲಾಡಿನಲ್ಲಿ ನಾನು ಬಲ್ಲ ಒಬ್ಬರಿದ್ದಾರೆ. ಹೆಸರು ಹಾಕಕೂಡದೆಂದು ತಾಕೀತು ಮಾಡಿದ್ದಾರೆ, ಹಾಕುವುದಿಲ್ಲ. ಕಾರ್ಕಳದ ಕಡೆಯ ಹಳ್ಳಿಯಿಂದ ಏಳನೇ ತರಗತಿ ಮುಗಿಸಿ, ಎಂಬತ್ತರ ದಶಕದಲ್ಲಿ ಸೋದರಮಾವನ ಕೈ ಹಿಡಿದು ಬಂದವರು. ಬೆಳಿಗ್ಗೆ 5ಕ್ಕೆ ಕ್ಯಾಂಟೀನಿನ ಒಲೆ ಹೊತ್ತಬೇಕು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಗೋಣಿತಟ್ಟಿನ ಮೇಲೆ ಎರಡು ತಾಸು ಅಡ್ಡಾಗುವುದು, ಮತ್ತೆ ಸಂಜೆಯ ಚಹಾ. ಆರು ಗಂಟೆಗೆ ಧಣಿಯ ಮುಖ ನೋಡಿ, ಅವರು ತಲೆಯಾಡಿಸಿದರೆ ಮಲಾಡ್ ಸ್ಟೇಷನ್ನಿನಲ್ಲಿ ಸ್ಲೋ ಲೋಕಲ್ ಹಿಡಿದು ರಾತ್ರಿ ಶಾಲೆಗೆ ಓಟ. ಒಂಬತ್ತೂವರೆಗೆ ಶಾಲೆ ಬಿಟ್ಟು ಬಂದರೆ ಪಾತ್ರೆಗಳು ಕಾಯುತ್ತಿರುತ್ತಿದ್ದವು. ಎಸ್.ಎಸ್.ಸಿ.ಯಲ್ಲಿ ಅವರಿಗೆ ಬಂದದ್ದು ಶೇಕಡಾ 48. ದ್ವಿತೀಯ ದರ್ಜೆ. ಕಷ್ಟದ ವಿಷಯ ಯಾವುದಿತ್ತೆಂದು ಕೇಳಿದೆ. "ನಿದ್ದೆ" ಎಂದರು.

ಅವರು ಮುಂದೆ ರಾತ್ರಿ ಕಾಲೇಜಿನಲ್ಲಿ ಬಿ.ಕಾಂ. ಮಾಡಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದರು. ಅವರ ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ 94 ತೆಗೆದು ವೇದಿಕೆ ಹತ್ತಿದಾಗ ಅಪ್ಪ ಕೆಳಗೆ ನಿಂತು ಫೋಟೋ ತೆಗೆದರು. ಅವರ ಹೆಸರನ್ನು ಮಾತ್ರ ಯಾವ ಸಭೆಯಲ್ಲೂ ಯಾರೂ ಕರೆದವರಲ್ಲ.

ನಿಮ್ಮ ಮನೆಯಲ್ಲೂ ಅಂಥವರು ಇದ್ದಾರು, ಅಜ್ಜನೋ ದೊಡ್ಡಪ್ಪನೋ. ಕೇಳಿ ನೋಡಿ. ಮುಂಬಯಿಯ ಕನ್ನಡಿಗರು ಮೇಲೆ ಬಂದದ್ದು ಹೋಟೆಲಿನಿಂದ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಇನ್ನರ್ಧ ರಾತ್ರಿ ಶಾಲೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್, ಬಂಟರ ಸಂಘ, ಹೀಗೆ ಒಂದೊಂದು ಸಮಾಜವೂ ತನ್ನ ಹುಡುಗರಿಗೆಂದು ಕನ್ನಡ ರಾತ್ರಿ ಶಾಲೆ ನಡೆಸಿತು. ಯಾವ ಶಾಲೆಗೂ ತನ್ನ ಜಾತಿಯ ಹುಡುಗರಷ್ಟೇ ಬರಲಿಲ್ಲ ಎಂಬುದು ಆ ಚರಿತ್ರೆಯ ಚೆಂದದ ಭಾಗ. ಬೆಂಚಿನಲ್ಲಿ ಕೂತ ಮೇಲೆ ಎಲ್ಲರೂ ಹೋಟೆಲ್ ಹುಡುಗರೇ. ಬೆಂಚೆಂದರೆ ಅದೂ ಒಂದು ಕತೆ. ಎಷ್ಟೋ ಶಾಲೆಗಳು ಪಾಲಿಕೆಯ ಕಟ್ಟಡದಲ್ಲಿ ಸಂಜೆಯ ಮಟ್ಟಿಗೆ ಕೋಣೆ ಪಡೆದು ನಡೆದಂಥವು. ಹಗಲು ಎರಡನೇ ತರಗತಿಯ ಮಕ್ಕಳು ಕೂರುವ ಗಿಡ್ಡ ಬೆಂಚಿನಲ್ಲಿ ರಾತ್ರಿ ಇಪ್ಪತ್ತರ ತರುಣ ಮೊಣಕಾಲು ಮಡಚಿ ಕೂತು ಬೀಜಗಣಿತ ಕಲಿಯಬೇಕು. ಪ್ರಯೋಗಶಾಲೆಯ ಮಾತು ಕೇಳಲೇಬೇಡಿ.

ಆ ಶಾಲೆಗಳ ಮಾಸ್ತರರು ಯಾರು? ಹಗಲು ಬ್ಯಾಂಕಿನಲ್ಲೋ ಕಚೇರಿಯಲ್ಲೋ ಇನ್ನೊಂದು ಶಾಲೆಯಲ್ಲೋ ದುಡಿದು ಸಂಜೆ ಚಾಕ್ ಹಿಡಿದವರು. ಪಾಠ ಮಾಡಿದ್ದಷ್ಟೇ ಅಲ್ಲ, ಶಾಲೆ ಶುರುವಾಗುವ ಮೊದಲು ಹೋಟೆಲಿನಿಂದ ಹೋಟೆಲಿಗೆ ಅಲೆದು, ಗಲ್ಲಾಪೆಟ್ಟಿಗೆಯ ಮುಂದೆ ನಿಂತು, "ಈ ಹುಡುಗನನ್ನು ಸಂಜೆ ಮೂರು ತಾಸು ಬಿಡಿ" ಎಂದು ಧಣಿಗಳನ್ನು ಬೇಡಿದವರು. ಒಳ್ಳೆಯ ಧಣಿಗಳೂ ಇದ್ದರು, ಸ್ವತಃ ರಾತ್ರಿ ಶಾಲೆಯಲ್ಲಿ ಓದಿದವರು ಹೆಚ್ಚಾಗಿ ಇಲ್ಲವೆನ್ನುತ್ತಿರಲಿಲ್ಲ. ಮುಂಬಯಿ ಮಹಾನಗರ ಪಾಲಿಕೆ ಆದರ್ಶ ಶಿಕ್ಷಕರಿಗೆಂದು ಮಹಾಪೌರ ಪುರಸ್ಕಾರ ಕೊಡುತ್ತದೆ, ಕನ್ನಡ ಮಾಧ್ಯಮದ ಶಿಕ್ಷಕರೂ ಅದನ್ನು ಪಡೆದಿದ್ದಾರೆ. ಆದರೆ ಬೇಡಿ ತಂದ ಹುಡುಗರ ಲೆಕ್ಕಕ್ಕೆ ಯಾವ ಪುರಸ್ಕಾರವೂ ಇಲ್ಲ.

ಈಗ ಆ ರಾತ್ರಿ ಶಾಲೆಗಳಲ್ಲಿ ಹಲವು ಮುಚ್ಚಿವೆ, ಉಳಿದವು ಸೊರಗಿವೆ. ಇದಕ್ಕೆ ಅಳುವುದೋ ನಗುವುದೋ ನನಗೆ ತಿಳಿಯದು. ಕಾರಣಗಳಲ್ಲಿ ಕೆಲವು ಒಳ್ಳೆಯವೇ. 2006ರ ಅಕ್ಟೋಬರ್ 10ರಿಂದ ಹೋಟೆಲುಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದು ಅಪರಾಧವಾಯಿತು. 2010ರ ಏಪ್ರಿಲ್ 1ರಿಂದ 6ರಿಂದ 14ರ ವಯಸ್ಸಿನವರಿಗೆ ಕಡ್ಡಾಯ, ಉಚಿತ ಶಿಕ್ಷಣದ ಹಕ್ಕು ಬಂತು. ಊರಿನಲ್ಲೂ ಕಾಲ ಸುಧಾರಿಸಿತು. ಏಳನೇ ತರಗತಿ ಮುಗಿಸಿದ ಹುಡುಗ ಬಸ್ಸು ಹತ್ತಿ ಮುಂಬಯಿಗೆ ಬರುವ ಅಗತ್ಯ ಉಳಿಯಲಿಲ್ಲ. ಉಡುಪಿ ಹೋಟೆಲಿನಲ್ಲಿ ಇಂದು ನಿಮಗೆ ದೋಸೆ ತಂದಿಡುವವನು ಉತ್ತರ ಪ್ರದೇಶದವನೋ ನೇಪಾಳದವನೋ ಆಗಿರುತ್ತಾನೆ. ಇನ್ನು ಕೆಲವು ಕಾರಣಗಳನ್ನು ಒಳ್ಳೆಯವೆನ್ನಲಾರೆ. 2017ರ ಮೇ ತಿಂಗಳಲ್ಲಿ ರಾಜ್ಯ ಸರಕಾರ ಹೊರಡಿಸಿದ ಆದೇಶದಿಂದ, ಹಗಲು ಬೇರೆ ಶಾಲೆಯಲ್ಲಿ ನೌಕರಿಯಲ್ಲಿದ್ದು ರಾತ್ರಿಯೂ ಕಲಿಸುತ್ತಿದ್ದ ಶಿಕ್ಷಕರು ರಾತ್ರಿ ಶಾಲೆ ಬಿಡಬೇಕಾಯಿತು. ವರ್ಷಗಳ ಅನುಭವ ಒಂದೇ ಏಟಿಗೆ ಹೊರಬಿತ್ತು.

ಹಾಗಾದರೆ ಕನ್ನಡದಲ್ಲಿ ಓದುವ ಮಕ್ಕಳು ಮಲಾಡಿನಂಥ ಉಪನಗರಗಳಲ್ಲಿ ಇಲ್ಲವೆಂದೇ? ಇದ್ದಾರೆ, ನಾವು ಅವರನ್ನು ಕಂಡಿಲ್ಲ. ಮುಂಬಯಿ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ಇಡೀ ದೇಶದಲ್ಲಿ ಇಂಥ ನಗರಸಭೆ ಇನ್ನೊಂದಿದ್ದರೆ ನನಗೆ ತೋರಿಸಿ! ಸಮವಸ್ತ್ರ, ಚೀಲ, ಬೂಟು, ಮಳೆಯಂಗಿ, ಪಾಟಿಪುಸ್ತಕ, ಹೀಗೆ 27 ವಸ್ತುಗಳನ್ನು ಪಾಲಿಕೆ ಪುಕ್ಕಟೆ ಕೊಡುತ್ತದೆ. ಪಠ್ಯಪುಸ್ತಕಗಳನ್ನು ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲೇ ಅಚ್ಚು ಹಾಕುತ್ತದೆ, 1967ರಲ್ಲಿ ಸ್ಥಾಪನೆಯಾದ ರಾಜ್ಯ ಸರಕಾರದ ಸಂಸ್ಥೆ ಅದು. ನಮ್ಮ ಅನುಕೂಲಸ್ಥ ಕುಟುಂಬಗಳು ಈ ಶಾಲೆಗಳನ್ನು ಬಿಟ್ಟು ಬಹಳ ವರ್ಷಗಳಾದವು. ನಿಮ್ಮನ್ನು ಇಂಗ್ಲಿಷ್ ಶಾಲೆಗೆ ಹಾಕಿದ ತಂದೆತಾಯಿಯರನ್ನು ನಾನು ದೂರುವುದಿಲ್ಲ. ನಾನೂ ಅದನ್ನೇ ಮಾಡಿದವನು.

ಖಾಲಿಯಾದ ಆ ಬೆಂಚುಗಳಲ್ಲಿ ಈಗ ಕುಳಿತಿರುವವರು ಹೆಚ್ಚಾಗಿ ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಗುಳೆ ಬಂದವರ ಮಕ್ಕಳು. ಅಪ್ಪ ಕಟ್ಟಡದ ಕೆಲಸಕ್ಕೆ, ಅವ್ವ ನಾಲ್ಕು ಮನೆಗಳ ಕೆಲಸಕ್ಕೆ. ನೀವಿರುವ ಗೋಪುರದಂಥ ಕಟ್ಟಡಕ್ಕೆ ಇಟ್ಟಿಗೆ ಹೊತ್ತವರೇ ಅವರಾಗಿರಬಹುದು. ಮನೆಯಲ್ಲಿ ಮಾತಾಡುವುದು ಕಲಬುರಗಿ ಕನ್ನಡ, ಗಲ್ಲಿಯಲ್ಲಿ ಹಿಂದಿ, ಶಾಲೆಯಲ್ಲಿ ಪುಸ್ತಕದ ಕನ್ನಡ, ಜತೆಗೆ ಮರಾಠಿ, ಇಂಗ್ಲಿಷ್. ಜೋಳ ಕೊಯ್ಲಿಗೋ ಜಾತ್ರೆಗೋ ಊರಿಗೆ ಹೋದರೆ ತಿಂಗಳುಗಟ್ಟಲೆ ಪಾಠ ತಪ್ಪುತ್ತದೆ. ಇಷ್ಟೆಲ್ಲದರ ನಡುವೆ ಒಬ್ಬ ಹುಡುಗಿ ಹತ್ತನೇ ತರಗತಿಯವರೆಗೆ ಉಳಿದು, ಪರೀಕ್ಷೆಗೆ ಕುಳಿತು, ಎಲ್ಲ ವಿಷಯಗಳಲ್ಲೂ ಕನಿಷ್ಠ 35 ದಾಟಿದಳೆಂದರೆ ಅದನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ? ನಮ್ಮ ಅರ್ಜಿ ಫಾರಂ ಅವಳ ಕೈಗೆ ತಲುಪುವುದೇ ಇಲ್ಲ. ತಲುಪಿದರೂ ಆ ಸಣ್ಣ ಅಕ್ಷರದ ಸಾಲು ಅವಳನ್ನು ಬಾಗಿಲಲ್ಲೇ ತಡೆಯುತ್ತದೆ. ಅವಳು ನಮ್ಮ ಸಂಘದ ಸದಸ್ಯರ ಮಗಳೂ ಅಲ್ಲವಲ್ಲ!

ಇಂಥ ಮಕ್ಕಳಿಗಾಗಿ ಒಬ್ಬ ಶಿಕ್ಷಕ ಏನು ಮಾಡಬಹುದೆಂಬುದಕ್ಕೆ ನಮ್ಮದೇ ರಾಜ್ಯದ ಒಂದು ನಿದರ್ಶನ ಹೇಳುತ್ತೇನೆ. ನಿಮ್ಮಲ್ಲಿ ಕೆಲವರು ಆಗ ವಾರ್ತೆಯಲ್ಲಿ ನೋಡಿರಬಹುದು. ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿ ಎಂಬ ಸಣ್ಣ ಹಳ್ಳಿಯ ಜಿಲ್ಲಾ ಪರಿಷತ್ ಪ್ರಾಥಮಿಕ ಶಾಲೆಗೆ 2009ರಲ್ಲಿ ರಣಜಿತ್‌ಸಿಂಹ ಡಿಸಳೆ ಎಂಬ ತರುಣ ಮರಾಠಿ ಶಿಕ್ಷಕರು ಹೋದರು. ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು, ತಂದೆಯ ಮಾತಿಗೆ ಶಿಕ್ಷಕರ ತರಬೇತಿ ಪಡೆದವರು. ಶಾಲೆಯ ಒಂದು ಮಗ್ಗುಲಲ್ಲಿ ದನದ ಕೊಟ್ಟಿಗೆ, ಇನ್ನೊಂದು ಮಗ್ಗುಲಲ್ಲಿ ಉಗ್ರಾಣ. ಮುಂದೆ ಅವರಿಗೆ ಪ್ರಶಸ್ತಿ ನೀಡಿದ ವಾರ್ಕಿ ಪ್ರತಿಷ್ಠಾನದ ವಿವರಣೆಯಂತೆ, ಅಲ್ಲಿನ ಮಕ್ಕಳ ಮನೆಮಾತು ಕನ್ನಡ, ಕೈಯಲ್ಲಿದ್ದ ಪಠ್ಯ ಬೇರೆ ಭಾಷೆಯದು. ಹೀಗಾಗಿ ಎಷ್ಟೋ ಮಕ್ಕಳಿಗೆ ಏನೂ ಹತ್ತುತ್ತಿರಲಿಲ್ಲ. ಹುಡುಗಿಯರ ಹಾಜರಿ ಕೆಲವೊಮ್ಮೆ ಶೇಕಡಾ 2ಕ್ಕೆ ಇಳಿಯುತ್ತಿತ್ತಂತೆ.

ಈ ಮೇಷ್ಟ್ರು ಮಕ್ಕಳಿಗೆ ಬೈಯಲಿಲ್ಲ. ಆ ಹಳ್ಳಿಯಲ್ಲೇ ಮನೆ ಮಾಡಿ, ಮಕ್ಕಳ ಭಾಷೆಯನ್ನು ತಾವು ಕಲಿತರು. ಪಠ್ಯಪುಸ್ತಕಗಳನ್ನು ಆ ಭಾಷೆಗೆ ತಂದರು. ಪುಟಗಳಲ್ಲಿ ಕ್ಯೂಆರ್ ಕೋಡುಗಳನ್ನು ಹಚ್ಚಿ, ಫೋನ್ ಹಿಡಿದರೆ ಪದ್ಯ ಕೇಳುವಂತೆ, ಪಾಠ ನೋಡುವಂತೆ ಮಾಡಿದರು. 2017ರಲ್ಲಿ ಮಹಾರಾಷ್ಟ್ರ ಸರಕಾರ ಎಲ್ಲ ತರಗತಿಗಳ ಪುಸ್ತಕಗಳಲ್ಲೂ ಇದೇ ವ್ಯವಸ್ಥೆ ತರುವುದಾಗಿ ಸಾರಿತು. ನಿಮ್ಮಲ್ಲಿ ರಾಜ್ಯ ಪಠ್ಯಕ್ರಮದ ಪುಸ್ತಕ ಓದಿದವರು ಮೂಲೆಯಲ್ಲಿನ ಆ ಕಪ್ಪು-ಬಿಳುಪು ಚೌಕವನ್ನು ಕಂಡೇ ಇರುತ್ತೀರಿ. ಕನ್ನಡದ ಮಕ್ಕಳಿಗಾಗಿ ಒಬ್ಬ ಮರಾಠಿ ಮೇಷ್ಟ್ರು ಪಟ್ಟ ಪಾಡು ಅದರ ಹಿಂದಿದೆ.

2020ರ ಡಿಸೆಂಬರ್ 3ರಂದು ಲಂಡನ್ನಿನಿಂದ ಸ್ಟೀಫನ್ ಫ್ರೈ ಅವರ ಹೆಸರನ್ನು ಜಾಗತಿಕ ಶಿಕ್ಷಕ ಪ್ರಶಸ್ತಿಗೆ ಘೋಷಿಸಿದರು. 140ಕ್ಕೂ ಹೆಚ್ಚು ದೇಶಗಳಿಂದ ಬಂದ 12,000ಕ್ಕೂ ಮಿಕ್ಕಿದ ಹೆಸರುಗಳಲ್ಲಿ ಆರಿಸಿದ್ದು. ಪ್ರಶಸ್ತಿಯ ಮೊತ್ತ 10 ಲಕ್ಷ ಡಾಲರ್, ಅಂದರೆ ಅಂದಿನ ಸುಮಾರು 7 ಕೋಟಿ ರೂಪಾಯಿ. ಕೊನೆಯ ಸುತ್ತಿಗೆ ಬಂದವರು ಹತ್ತು ಮಂದಿ. ಡಿಸಳೆ ಗುರುಗಳು ಅಲ್ಲೇ, ಆಗಲೇ, ಅರ್ಧ ಹಣವನ್ನು ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿಬಿಟ್ಟರು. ಇಟಲಿ, ಬ್ರೆಜಿಲ್, ನೈಜೀರಿಯಾ, ವಿಯೆಟ್ನಾಂ ಮುಂತಾದ ಕಡೆಯ ಅವರಿಗೆ ತಲಾ 55 ಸಾವಿರ ಡಾಲರ್ ಮೇಲೆ ಸಿಕ್ಕಿತು. ಮೊದಲ ಸ್ಥಾನದವರು ಇನ್ನುಳಿದವರನ್ನು ವೇದಿಕೆಯ ಮೇಲೇ ಜತೆಗೂಡಿಸಿಕೊಂಡ ಇಂಥ ಸನ್ಮಾನ ಸಮಾರಂಭವನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಮಲಾಡಿಗೆ ಮರಳೋಣ. ನೀವು ಭಾಷೆ ಕಲಿಯಬೇಕಿಲ್ಲ, ಹಳ್ಳಿಗೆ ಹೋಗಿ ನೆಲಸಬೇಕಿಲ್ಲ. ಅರೆಬರೆಯಾದರೂ ಕನ್ನಡ ನಿಮ್ಮ ಬಾಯಲ್ಲಿದೆ. ಅದಕ್ಕಿಂತ ಹೆಚ್ಚಾಗಿ ಆ ಮಕ್ಕಳಿಗೆ ದುರ್ಲಭವಾದ ಎರಡು ವಸ್ತು ನಿಮ್ಮಲ್ಲಿವೆ, ಗಣಿತ ಮತ್ತು ಇಂಗ್ಲಿಷ್. ಮುಂಬಯಿಯ ರಾತ್ರಿ ಶಾಲೆಗಳಿಗೆ ನೆರವಾಗಲೆಂದು 2008ರಲ್ಲಿ ನಿಕಿತಾ ಕೇತ್ಕರ್ ಕಟ್ಟಿದ ಮಾಸೂಮ್ ಎಂಬ ಸಂಸ್ಥೆಯಿದೆ. ದಿನವಿಡೀ ದುಡಿದು ಹಸಿದು ಬರುವ ವಿದ್ಯಾರ್ಥಿಗೆ ಮೊದಲು ತಿನ್ನಲು ಏನಾದರೂ ಕೊಡಬೇಕು, ಆಮೇಲೆ ಪಾಠ, ಎಂಬುದನ್ನು ಅರಿತು ಕೆಲಸ ಮಾಡಿದವರು ಅವರು. ನಾವು ಶಾಲಿಗೂ ಹಾರಕ್ಕೂ ಹಾಕುವ ಹಣದಲ್ಲಿ ಎಷ್ಟು ವಡಾಪಾವ್ ಬರುತ್ತದೆಂದು ನಮ್ಮ ಖಜಾಂಚಿಗಳು ಒಮ್ಮೆ ಲೆಕ್ಕ ಹಾಕಿದರೆ ಒಳ್ಳೆಯದು. ಇದು ಕುಹಕವಲ್ಲ.

ಪ್ರತಿಶತದ ಗೆರೆಯನ್ನು ತೆಗೆದುಹಾಕಿ ಎಂದು ನಾನು ಸಂಘದವರನ್ನು ಕೇಳುತ್ತಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿ ಎನ್ನುತ್ತಿದ್ದೇನೆ. ದುಡಿಯುತ್ತ ಓದಿದವರು, ರಾತ್ರಿ ಶಾಲೆಯವರು, ಪಾಲಿಕೆಯ ಕನ್ನಡ ಶಾಲೆಯವರು, ಶಾಲೆ ಬಿಟ್ಟು ವರ್ಷಗಳಾದ ಮೇಲೆ 17ನೇ ನಮೂನೆಯ ಅರ್ಜಿ ತುಂಬಿ ಖಾಸಗಿಯಾಗಿ ಪರೀಕ್ಷೆಗೆ ಕೂತವರು, ಇವರು ಪಾಸಾಗಿದ್ದರೆ ಸಾಕು, ಬರಲಿ. ಅವರನ್ನು ಕಲಿಸಿದ ಮೇಷ್ಟ್ರು, ಬಾಯಿಯವರೂ ಜತೆಗೆ ಬರಲಿ. ಸದಸ್ಯರ ಮಕ್ಕಳೇ ಆಗಿರಬೇಕೆಂಬ ನಿಯಮವನ್ನು ಇವರ ಮಟ್ಟಿಗೆ ಸಡಿಲಿಸಲಿ. ಈ ಮಾತನ್ನು ವಾರ್ಷಿಕ ಸಭೆಯಲ್ಲಿ ನಾನು ಎತ್ತಿದರೆ ಮುದುಕನ ಹಳೇ ರಾಗ ಎನ್ನುತ್ತಾರೆ, ನೀವು ಎತ್ತಿದರೆ ಕೇಳುತ್ತಾರೆ. ಯುವ ವಿಭಾಗದವರಿಗೆ ಸಂಘದಲ್ಲಿ ಈಗ ಎಲ್ಲಿಲ್ಲದ ಮರ್ಯಾದೆ!

ಇನ್ನೊಂದು ವಿಷಯ. ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ, ಜೂನ್-ಜುಲೈ ಸುಮಾರಿಗೆ, ಒಂದೋ ಎರಡೋ ವಿಷಯಗಳಲ್ಲಿ ಬಿದ್ದವರಿಗೆ ಪೂರಕ ಪರೀಕ್ಷೆ ನಡೆಯುತ್ತದೆ. 2015ರ ಮೊದಲು ಇದಕ್ಕೆ ಅಕ್ಟೋಬರ್‌ವರೆಗೆ ಕಾಯಬೇಕಿತ್ತು, ಅಷ್ಟರಲ್ಲಿ ಹುಡುಗ ಕೆಲಸಕ್ಕೆ ಸೇರಿ ಪುಸ್ತಕ ಮರೆತಿರುತ್ತಿದ್ದ. ಈಗ ಬೇಗ ಬರೆದರೆ ವರ್ಷ ಉಳಿಯುತ್ತದೆ. ಹೆಚ್ಚಿನವರು ಬೀಳುವುದು ಗಣಿತದಲ್ಲಿ, ಇಂಗ್ಲಿಷಿನಲ್ಲಿ. ನಾವು ಸಭಾಗೃಹದಲ್ಲಿ ಗುಲಾಬಿ ಹಂಚುವ ವಾರಗಳೂ ಇವೇ. ನಿಮಗೆ ಆಗ ಕಾಲೇಜು ಇನ್ನೂ ಶುರುವಾಗಿರುವುದಿಲ್ಲ. ವಾರಕ್ಕೆ ಮೂರು ಸಂಜೆ, ದಿನಕ್ಕೆ ಎರಡು ತಾಸು ಕೊಡಬಲ್ಲವರು ಯಾವ ವಿಷಯ ಕಲಿಸಬಲ್ಲಿರೆಂಬುದನ್ನೂ ಬರೆದು ಕಾರ್ಯದರ್ಶಿಯವರಿಗೆ ಹೆಸರು ಕೊಡಿ. ಕೋಣೆ, ಬೆಂಚು, ಚಹಾ ಸಂಘದವರು ನೋಡಿಕೊಳ್ಳಲಿ.