ಕಣ್ಣಿಗೆ ಬೀಳುವ ಹಕ್ಕು

2023ರ ಜುಲೈ ತಿಂಗಳಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆಯು ಹಂಪಿಯಲ್ಲಿ ನೆರೆದಾಗ, ಸಂಡೂರು ಕುಶಲ ಕಲಾ ಕೇಂದ್ರದೊಡನೆ ಕೂಡಿ ದುಡಿದ 450ಕ್ಕೂ ಮಿಕ್ಕ ಲಂಬಾಣಿ ಕಲಾವಿದೆಯರ ಕಸೂತಿಯ 1755 ವಸ್ತುಗಳು ಒಂದೆಡೆ ಪ್ರದರ್ಶಿತವಾಗಿ ಗಿನ್ನೆಸ್ ದಾಖಲೆಗೆ ಸೇರಿದವು. ಅಲ್ಲಿ ಸುತ್ತಿ ಬಂದ ಪ್ರೇಕ್ಷಕನಿಗೆ ಎಲ್ಲವೂ ಗೋಚರ. ಅವೇ ವಸ್ತುಗಳು ಅಂತರ್ಜಾಲದ ಅಂಗಡಿಗೆ ಬಂದರೆ, ಅಂಗೈಯಗಲದ ಪರದೆಯ ಮೇಲೆ ಮೊದಲ ನಾಲ್ಕಾರಕ್ಕೆ ಮಾತ್ರ ಗ್ರಾಹಕನ ದೃಷ್ಟಿ ಲಭ್ಯ. ಆ ನಾಲ್ಕಾರನ್ನು ಆರಿಸುವುದು ಯಂತ್ರಕಲಿಕೆಯಿಂದ ನಡೆಯುವ ಶಿಫಾರಸು ವ್ಯವಸ್ಥೆ.

ಅದಕ್ಕೆ ದ್ವೇಷವಿಲ್ಲ, ಪಕ್ಷಪಾತದ ಸಂಕಲ್ಪವೂ ಇಲ್ಲ. ಹಿಂದೆ ಯಾರು ಏನನ್ನು ನೋಡಿದರು, ಏನನ್ನು ಕೊಂಡರು ಎಂಬುದರಿಂದ ಪ್ರತಿಯೊಬ್ಬನ ಅಭಿರುಚಿಯನ್ನು ಊಹಿಸುವುದಷ್ಟೇ ಅದರ ಕಾರ್ಯ. ಆದರೆ ಮೇಲಿದ್ದದ್ದು ಹೆಚ್ಚು ಜನರ ಕಣ್ಣಿಗೆ ಬಿದ್ದು, ಆ ಕಾರಣದಿಂದಲೇ ಹೆಚ್ಚು ಮಾರಾಟವಾಗಿ, ಆ ಮಾರಾಟವೇ ಗುಣಕ್ಕೆ ಪ್ರಮಾಣವೆಂದು ಪರಿಗಣಿತವಾಗಿ ಮತ್ತೆ ಮೇಲಕ್ಕೇರುವ ಈ ಚಕ್ರದಲ್ಲಿ, ವಡ್ಡು ಎಂಬ ಹಳ್ಳಿಯಲ್ಲಿ ಹೊಸದಾಗಿ ಸೂಜಿ ಹಿಡಿದ ಯುವತಿಯೊಬ್ಬಳು ಹೊಲಿದ ಚೀಲ ಎಷ್ಟು ಸೊಗಸಾಗಿದ್ದರೂ, ಅದನ್ನು ಒಪ್ಪುವುದಿರಲಿ, ತಿರಸ್ಕರಿಸುವ ಅವಕಾಶವೂ ಯಾರಿಗೂ ಒದಗದೆ ಹೋದೀತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧಕಿಯಾಗಿದ್ದ ಅರ್ಪಿತಾ ಬಿಸ್ವಾಸ್, ಖರಗಪುರದ ಐಐಟಿಯ ಗೌರಬ್ ಪಾತ್ರೊ, ನಿಲೋಯ್ ಗಂಗೂಲಿ, ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಕೃಷ್ಣ ಗುಮ್ಮಡಿ, ಅಭಿಜ್ಞಾನ್ ಚಕ್ರಬರ್ತಿ ಇವರು 2020ರಲ್ಲಿ ಪ್ರಕಟಿಸಿದ 'ಫೇರ್‌ರೆಕ್' ಎಂಬ ವಿಧಾನ ಈ ಚಕ್ರಕ್ಕೇ ಕೈಹಾಕಿತು. ಶಿಫಾರಸನ್ನು ಅವರು ಹಂಚಿಕೆಯ ಪ್ರಶ್ನೆಯಾಗಿ ಕಂಡದ್ದೇ ಆ ಕೃತಿಯ ಹಿರಿಮೆಯೆಂದು ನನ್ನ ಭಾವನೆ. ನೂರು ಗ್ರಾಹಕರಿಗೆ ಐದೈದು ವಸ್ತುಗಳನ್ನು ತೋರಿಸುವುದಾದರೆ ಒಟ್ಟು 500 ದರ್ಶನಗಳು. 50 ವಸ್ತುಗಳಿದ್ದರೆ ಒಂದೊಂದರ ಸಮಪಾಲು ಹತ್ತು. ಈ ಪಾಲನ್ನಾಗಲಿ, ಅಂಗಡಿಯವರು ನಿಶ್ಚಯಿಸಿದ ಅದರ ಒಂದಂಶವನ್ನಾಗಲಿ ಮೊದಲು ಕಾದಿರಿಸಿ, ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಒಂದು ಸುತ್ತು ಬಡಿಸಿದ ಮೇಲೆಯೇ ಎರಡನೆಯ ಸುತ್ತಿಗೆ ತಿರುಗುವಂತೆ, ಪ್ರತಿ ಗ್ರಾಹಕನ ಸರದಿ ಬಂದಾಗ ಕಾದಿರಿಸಿದವುಗಳಲ್ಲಿ ಅವನಿಗೆ ಅತ್ಯಂತ ಪ್ರಿಯವಾಗಬಹುದಾದುದನ್ನು ಅವನ ಪಟ್ಟಿಗೆ ಸೇರಿಸುತ್ತಾರೆ. ಉಳಿದ ಸ್ಥಾನಗಳನ್ನು ಅಭಿರುಚಿಯಂತೆ ತುಂಬುತ್ತಾರೆ. ಇದರಿಂದ ಗ್ರಾಹಕನಿಗೂ ಒಂದು ಭರವಸೆಯುಂಟು: ಇನ್ನೊಬ್ಬನ ಪಟ್ಟಿಯಿಂದ ಯಾವುದೋ ಒಂದು ವಸ್ತುವನ್ನು ತೆಗೆದುಹಾಕಿದರೆ, ಮಿಕ್ಕದ್ದರ ಬಗ್ಗೆ ಅವನು ಅಸೂಯೆಪಡಲು ಕಾರಣವಿರದು.

ಮಾರುವವರ ಕಡೆ ಕನಿಷ್ಠ ಪಾಲಿನ ಭರವಸೆ ಸರ್ವರಿಗೂ ಅಲ್ಲ, ಕೆಲವರನ್ನುಳಿದು ಮಿಕ್ಕ ಬಹುಪಾಲಿಗೆ. ಅಲ್ಲದೆ ಪಟ್ಟಿಯೊಳಗಿನ ಮೊದಲ ಸ್ಥಾನಕ್ಕೂ ಐದನೆಯದಕ್ಕೂ ಈ ವಿಧಾನ ಭೇದವೆಣಿಸದು, ಕಣ್ಣಾದರೋ ಮೊದಲನೆಯದರ ಮೇಲೆಯೇ ಹೆಚ್ಚು ಹೊತ್ತು ನಿಲ್ಲುತ್ತದೆ. ಕಸೂತಿಗಷ್ಟೇ ಅಲ್ಲ, ಹೊಸಪೇಟೆಯ ಸಣ್ಣ ವಸತಿಗೃಹವೊಂದಕ್ಕೂ, ಹಂಪಿಗೆ ಬರುವ ಯಾತ್ರಿಕನ ಪರದೆಯ ಆ ಮೊದಲ ಸಾಲು ಒಂದು ಋತುವಿನ ಆದಾಯವನ್ನೇ ನಿರ್ಣಯಿಸಬಲ್ಲದು. ಇಷ್ಟಾದರೂ, ಕುಶಲಕರ್ಮಿಗಳ ಹೆಸರಿನಲ್ಲಿ ಸಾರ್ವಜನಿಕ ಹಣದಿಂದ ನಡೆಯುವ ಮಾರಾಟ ತಾಣಗಳಾದರೂ ಇಂಥ ಕನಿಷ್ಠ ಪಾಲನ್ನು ನಿಯಮವಾಗಿ ಅಂಗೀಕರಿಸಬೇಕು. ಯಾರ ವಸ್ತು ಎಷ್ಟು ಮಂದಿಗೆ ತೋರಿತೆಂಬ ಲೆಕ್ಕವನ್ನು ಆಯಾ ಕರ್ಮಿಗೆ ಕಾಣುವಂತೆ ಇಡಬೇಕು.