ಎಂಜಿನ್ನಿಗೆ ಎರಡು ಮೂಗು

ಸಿಂಧನೂರು ಕಡೆ ಭತ್ತದ ರಾಶಿ ಶುರುವಾದರೆ ಟ್ರ್ಯಾಕ್ಟರ್ ಚಾಲಕರಿಗೆ ಒಂದು ಕೆಲಸ ಹೆಚ್ಚು. ಏರ್ ಕ್ಲೀನರ್ ಬಿಚ್ಚಿ ಧೂಳು ತೆಗೆಯಬೇಕು. ಮರೆತರೆ ಎಂಜಿನ್ ಏದುಸಿರು ಬಿಡುತ್ತದೆ, ಕಪ್ಪು ಹೊಗೆ ಕಾರುತ್ತದೆ. ಲಿಂಗಸುಗೂರು, ಮಸ್ಕಿಯ ರೈತರ ಮಕ್ಕಳಿಗೂ ಇದು ಹೊಸತಲ್ಲ. ಮಕ್ಕಳೇ, ಈಗ ನಿಮಗೊಂದು ಪ್ರಶ್ನೆ. ಮನೆಯಲ್ಲೇ ಪುಟ್ಟ ವಿಮಾನವೊಂದನ್ನು ಕಟ್ಟಿದರೆ ಅದರ ಎಂಜಿನ್ನಿಗೆ ಉಸಿರಾಡಲು ಗಾಳಿಯನ್ನು ಹೇಗೆ ಕೊಡುತ್ತೀರಿ?

ಮನೆಯಲ್ಲಿ ವಿಮಾನವೇ ಎಂದು ನಗಬೇಡಿ. ಹವ್ಯಾಸಿಗಳು ತಾವೇ ಕಟ್ಟಿಕೊಳ್ಳಲೆಂದು ಅಮೆರಿಕದ ಬರ್ಟ್ ರುಟಾನ್ 'ಲಾಂಗ್ ಈಜಿ' ವಿಮಾನವನ್ನು ರೂಪಿಸಿದರು. ಅದನ್ನು ಆಧರಿಸಿ ಬೆಂಗಳೂರಿನ ಎನ್‌ಎಎಲ್ ನಿರ್ಮಿಸಿದ ಹಗುರ ವಿಮಾನ 1987ರಲ್ಲಿ ಹಾರಿತು.

"ಮುಂದುಗಡೆ ಬಾಯಿ ತೆರೆದಿಡೋಣ ಸಾರ್, ಎದುರುಗಾಳಿ ತಾನೇ ನುಗ್ಗುತ್ತದೆ" ಎನ್ನುವ ಜಾಣರಿದ್ದಾರೆ. ಲೆಕ್ಕ ಹಾಕೋಣ. ವೇಗ ಗಂಟೆಗೆ 200 ಕಿ.ಮೀ., ಅಂದರೆ ಸೆಕೆಂಡಿಗೆ ಸುಮಾರು 55 ಮೀಟರ್. ಗಾಳಿಯ ಸಾಂದ್ರತೆ ಘನಮೀಟರಿಗೆ 1.2 ಕಿ.ಗ್ರಾಂ. ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಸುಮಾರು 1,800 ಪಾಸ್ಕಲ್. ವಾತಾವರಣದ ಒತ್ತಡವೋ ಸುಮಾರು 1,01,000 ಪಾಸ್ಕಲ್. ಲಾಭ ನೂರಕ್ಕೆ ಎರಡೂ ಇಲ್ಲ! ಇಷ್ಟಕ್ಕಾಗಿ ಫಿಲ್ಟರ್ ಕೈಬಿಟ್ಟರೆ ಮಣ್ಣಿನ ಓಡುದಾರಿಯ ಧೂಳು ಪಿಸ್ಟನ್ ರಿಂಗುಗಳನ್ನು ಮರಳು ಕಾಗದದಂತೆ ಉಜ್ಜಿ ಸವೆಸುತ್ತದೆ.

ಹಾಗಾದರೆ ಫಿಲ್ಟರ್ ಇದ್ದರೆ ಸಾಕೆ? ಸಾಲದು. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಅಂಗೈಗೆ ಸ್ಪಿರಿಟ್ ಹಚ್ಚಿದರೆ ತಣ್ಣಗಾಗುವುದಿಲ್ಲವೇ, ಹಾಗೆ. ಅಲ್ಲಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಇಳಿಯಬಹುದು. ಹೊರಗೆ ಹಿತವಾದ ಹವೆಯಿದ್ದರೂ, ಗಾಳಿಯಲ್ಲಿ ತೇವವಿದ್ದರೆ ಅದರ ಕೊರಳಿನಲ್ಲಿ ಹಿಮಗಟ್ಟಿ ಎಂಜಿನ್ ನಿಲ್ಲಬಹುದು. ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನಿಗೆ ಕಾರ್ಬುರೇಟರ್ ಇಲ್ಲ, ಈ ಕಾಟವೂ ಇಲ್ಲ. ಸ್ಕೂಟರ್ ನಿಂತರೆ ಪಕ್ಕಕ್ಕೆ ತಳ್ಳಬಹುದು. ಆಕಾಶದಲ್ಲಿ?

ಅದಕ್ಕೇ ಎರಡನೆಯ ಮೂಗು. ಹೊಗೆಕೊಳವೆಯ ಸುತ್ತ ತಗಡಿನ ಕವಚ ಹೊದಿಸಿ, ಅಲ್ಲಿ ಕಾದ ಗಾಳಿಯನ್ನು ಪೈಲಟ್ ಬೇಕೆಂದಾಗ ಕಾರ್ಬುರೇಟರಿಗೆ ತಿರುಗಿಸುವ ಏರ್ಪಾಡು ಇದು. ಫಿಲ್ಟರ್ ಕಟ್ಟಿಕೊಂಡಾಗಲೂ ಇದೇ ಆಪದ್ಬಂಧು. ಆದರೆ ಬಿಸಿಗಾಳಿಯ ಸಾಂದ್ರತೆ ಕಡಿಮೆ, ಎಂಜಿನ್ನಿನ ಶಕ್ತಿ ತುಸು ಕುಗ್ಗುತ್ತದೆ. ಸಾಮಾನ್ಯವಾಗಿ ಈ ದಾರಿಗೆ ಫಿಲ್ಟರ್ ಇರುವುದಿಲ್ಲ. ಆದ್ದರಿಂದ ಧೂಳಿನ ನೆಲದ ಮೇಲೆ ಇದನ್ನು ಹೆಚ್ಚು ಹೊತ್ತು ತೆರೆದಿಡಬಾರದು.

ನನ್ನ ಆಯ್ಕೆ ಇಷ್ಟೇ: ಮೊದಲು ಫಿಲ್ಟರ್, ಜೊತೆಗೆ ಬಿಸಿಗಾಳಿಯ ದಾರಿ, ಎದುರುಗಾಳಿಯ ಲಾಭ ಕೊನೆಗೆ. ಹೆಚ್ಚಿನ ಶಕ್ತಿಗಿಂತ ಎಂಜಿನ್ ನಿಲ್ಲದಿರುವುದು ಮುಖ್ಯ.

ಪಾಲಕರಿಗೊಂದು ಮಾತು. ರಾಶಿಯ ಹೊತ್ತಿನಲ್ಲಿ ಮಕ್ಕಳು ಏರ್ ಕ್ಲೀನರ್ ಬಳಿ ಬಂದು ನಿಂತರೆ "ಓದ್ಕೋ ಹೋಗು" ಎಂದು ಗದರಬೇಡಿ. ಅದೂ ಓದೇ!